ಅಪ್ಪನಿಗಿಂತ ದೊಡ್ಡ ಮಗ: ನಟ ಕೀ ಲ್ಯೂಕ್

ಕೇಳುಗರಿಗೆಲ್ಲ ನಮಸ್ಕಾರ.

ಹಳೇ ಹಾಲಿವುಡ್ ಅಂದ ಕೂಡಲೇ ಎಲ್ಲರೂ ಕೇಳುವುದು ಗ್ರೆಟಾ ಗಾರ್ಬೊ, ಕ್ಲಾರ್ಕ್ ಗೇಬಲ್ ಬಗ್ಗೆ. ಅವರ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಇವತ್ತು ಅವರನ್ನು ಬಿಟ್ಟುಬಿಡೋಣ. ನಾನು ನಿಮಗೆ ಹೇಳಬೇಕೆಂದು ಬಂದಿರುವುದು ಒಂದೇ ಮಾತು. ನಾಯಕನ ಪಕ್ಕದಲ್ಲಿ ನಿಂತಿರುವವರನ್ನು ನೋಡಿ. ಅಷ್ಟೇ. ನೀವು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಾ ಕೇಳುತ್ತಿರಬಹುದು, ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ಕೇಳುತ್ತಿರಬಹುದು. ಬೇರೇನೂ ನೆನಪಿಡದಿದ್ದರೂ ಪರವಾಗಿಲ್ಲ, ಇದೊಂದು ನೆನಪಿಡಿ.

ಪಕ್ಕದಲ್ಲಿ ನಿಂತವರಲ್ಲಿ ಒಬ್ಬರು ಕೀ ಲ್ಯೂಕ್. 1904ರ ಜೂನ್ 18ರಂದು ಚೀನಾದ ಗ್ವಾಂಗ್‌ಝೌ ಊರಿನಲ್ಲಿ ಹುಟ್ಟಿದರು. ಬೆಳೆದದ್ದು ಅಮೆರಿಕದ ಸಿಯಾಟಲ್‌ನಲ್ಲಿ. ಅಪ್ಪನಿಗೆ ಅಲ್ಲಿ ಕಲಾ ವಸ್ತುಗಳ ಅಂಗಡಿ ಇತ್ತು. ಹುಡುಗನಿಗೂ ಚಿತ್ರದ ಹುಚ್ಚು. ಮೊದಲು ಸಿನಿಮಾಕ್ಕೆ ಬಂದದ್ದು ನಟನಾಗಿ ಅಲ್ಲ, ಚಿತ್ರಕಾರನಾಗಿ. ಹಾಲಿವುಡ್‌ನಲ್ಲಿ 1927ರಲ್ಲಿ ಶುರುವಾದ ಗ್ರೌಮನ್ಸ್ ಚೈನೀಸ್ ಥಿಯೇಟರ್ ಇದೆಯಲ್ಲ, ಅದರ ಒಳಗಿನ ಗೋಡೆ ಚಿತ್ರಗಳಲ್ಲಿ ಲ್ಯೂಕ್ ಅವರ ಕೈಕೆಲಸವಿದೆ. 1933ರ ‘ಕಿಂಗ್ ಕಾಂಗ್’ ಚಿತ್ರದ ಪ್ರಚಾರ ಪುಸ್ತಕಕ್ಕೂ ಅವರು ಚಿತ್ರ ಬರೆದುಕೊಟ್ಟರು. ಒಳ್ಳೆಯ ಕೈ, ಒಳ್ಳೆಯ ಮುಖ, ಚೊಕ್ಕ ಇಂಗ್ಲಿಷ್. ಯಾರೋ ಕ್ಯಾಮೆರಾ ಮುಂದೆ ನಿಲ್ಲಿಸಿದರು. 1934ರಲ್ಲಿ ಗಾರ್ಬೊ ಅವರ ಒಂದು ಚಿತ್ರದಲ್ಲಿ ಸಣ್ಣ ಪಾತ್ರ ಸಿಕ್ಕಿತು. ಮರುವರ್ಷವೇ ಅವರ ಹಣೆಬರಹ ಬದಲಾಯಿತು.

1935ರಲ್ಲಿ ಬಂದ ಚಿತ್ರ ‘ಚಾರ್ಲಿ ಚಾನ್ ಇನ್ ಪ್ಯಾರಿಸ್’. ಚಾರ್ಲಿ ಚಾನ್ ಅಂದರೆ ಹೊನೊಲುಲು ಪೊಲೀಸ್ ಇಲಾಖೆಯ ಚೀನಿ ಪತ್ತೇದಾರ. ಅರ್ಲ್ ಡರ್ ಬಿಗರ್ಸ್ ಎಂಬ ಲೇಖಕರು 1925ರ ಕಾದಂಬರಿಯಲ್ಲಿ ಹುಟ್ಟಿಸಿದ ಪಾತ್ರ. ಆ ಪಾತ್ರ ಮಾಡುತ್ತಿದ್ದವರು ವಾರ್ನರ್ ಒಲ್ಯಾಂಡ್. ಸ್ವೀಡನ್‌ನಲ್ಲಿ ಹುಟ್ಟಿದ ಬಿಳಿಯರು. ಹುಬ್ಬು ಮೇಲಕ್ಕೆ ತೀಡಿ, ಮೀಸೆ ಕೆಳಕ್ಕೆ ಇಳಿಬಿಟ್ಟರೆ ಚೀನಿ ಪತ್ತೇದಾರ ತಯಾರು. ಅವರ ದೊಡ್ಡ ಮಗ ಲೀ ಚಾನ್, ಅಂದರೆ ‘ನಂಬರ್ ಒನ್ ಸನ್’. ಆ ಪಾತ್ರ ಕೀ ಲ್ಯೂಕ್ ಅವರದ್ದು.

ಆ ಚಿತ್ರಗಳಲ್ಲಿ ಅಪ್ಪ ಮಗ ಮಾತನಾಡುವುದನ್ನು ಸುಮ್ನೆ ಐದು ನಿಮಿಷ ಕೇಳಿ. ಸ್ವೀಡನ್‌ನಿಂದ ಬಂದ ಅಪ್ಪ ತಡೆದು ತಡೆದು, ಹರಕು ಮುರುಕು ಇಂಗ್ಲಿಷ್‌ನಲ್ಲಿ ಗಾದೆ ಹೇಳುತ್ತಾನೆ. ಚೀನಾದಲ್ಲಿ ಹುಟ್ಟಿದ ಮಗ ಅಪ್ಪಟ ಅಮೆರಿಕದ ಕಾಲೇಜು ಹುಡುಗನ ಹಾಗೆ ಪಟಪಟ ಮಾತನಾಡುತ್ತಾನೆ. ಮಾತು ಮಾತಿಗೂ ‘ಪಾಪ್’, ಅಂದರೆ ಅಪ್ಪ, ಅಂತ ಕರೆಯುತ್ತಾ, ಕಂಡ ಬಾಗಿಲಿಗೆಲ್ಲ ನುಗ್ಗಿ, ತಪ್ಪು ಮನುಷ್ಯನನ್ನು ಹಿಡಿದು ತರುತ್ತಾನೆ. ಸ್ಟುಡಿಯೊದವರಿಗೆ ಬೇಕಾಗಿದ್ದು ನಗಿಸುವ ಹುಡುಗ. ಆದರೆ ಅಲ್ಲಿ ಆಗಿದ್ದೇ ಬೇರೆ. ಅಮೆರಿಕದ ಥಿಯೇಟರುಗಳಲ್ಲಿ ಕೂತ ಜನ, ಪಕ್ಕದ ಮನೆಯ ಹುಡುಗನಂತೆ ಮಾತನಾಡುವ ಒಬ್ಬ ಚೀನಿ ಯುವಕನನ್ನು ಮತ್ತೆ ಮತ್ತೆ ನೋಡಿದರು. ವಿಮರ್ಶೆ ಬರೆಯುವವರು ಅಪ್ಪನ ಗಾದೆಗಳನ್ನೇ ಎತ್ತಿ ಬರೆಯುತ್ತಾರೆ. ಅಯ್ಯೋ, ಮಗನನ್ನು ನೋಡಿ ಸ್ವಾಮಿ! ಪಕ್ಕದಲ್ಲಿ ನಿಂತವನನ್ನು ನೋಡಿ!

1937ರ ‘ಚಾರ್ಲಿ ಚಾನ್ ಅಟ್ ದಿ ಒಲಿಂಪಿಕ್ಸ್’ ಚಿತ್ರದಲ್ಲಿ ಈ ಲೀ ಚಾನ್ ಅಮೆರಿಕದ ಈಜು ತಂಡದ ಸದಸ್ಯ. ಬರ್ಲಿನ್ ಒಲಿಂಪಿಕ್ಸ್‌ಗೆ ಹೋಗುತ್ತಾನೆ. ತೆರೆಯ ಮೇಲೆ ಅಮೆರಿಕದ ಪರವಾಗಿ ಈಜುತ್ತಾನೆ. ಆದರೆ ಆ ಪಾತ್ರ ಮಾಡಿದ ಮನುಷ್ಯನಿಗೆ ಅಮೆರಿಕದ ಪ್ರಜೆಯಾಗುವ ಹಕ್ಕೇ ಇರಲಿಲ್ಲ. 1882ರಲ್ಲಿ ಚೀನಿಯರನ್ನು ದೂರವಿಡಲು ಒಂದು ಕಾನೂನು ಬಂದಿತ್ತು. ಚೀನಾದಲ್ಲಿ ಹುಟ್ಟಿದವರು ಅಲ್ಲಿ ಎಷ್ಟೇ ವರ್ಷ ಬಾಳಿದರೂ ಪೌರತ್ವ ಕೊಡುವ ಹಾಗಿರಲಿಲ್ಲ. 1943ರ ಡಿಸೆಂಬರ್‌ನಲ್ಲಿ, ಎರಡನೇ ಮಹಾಯುದ್ಧದಲ್ಲಿ ಚೀನಾ ಅಮೆರಿಕದ ಜೊತೆಗಾರನಾದ ಮೇಲೆ, ಆ ಕಾನೂನು ಹೋಯಿತು. ಆಗಲೂ ದೇಶದೊಳಗೆ ಬಿಟ್ಟಿದ್ದು ವರ್ಷಕ್ಕೆ 105 ಚೀನಿಯರನ್ನು ಮಾತ್ರ. ಲ್ಯೂಕ್ ಪ್ರಜೆಯಾದದ್ದು 1944ರಲ್ಲಿ. ಅಷ್ಟು ಹೊತ್ತಿಗೆ ಅವರು ಸಿನಿಮಾಕ್ಕೆ ಬಂದು ಹತ್ತು ವರ್ಷ ಆಗಿತ್ತು.

ಅದೇ 1937ರಲ್ಲಿ ‘ದಿ ಗುಡ್ ಅರ್ಥ್’ ಬಂತು. ಚೀನಾದ ರೈತ ಕುಟುಂಬದ ಕಥೆ. ರೈತನ ಪಾತ್ರ ಪಾಲ್ ಮುನಿಗೆ, ಹೆಂಡತಿಯ ಪಾತ್ರ ಲೂಯಿಸ್ ರೈನರ್‌ಗೆ. ಇಬ್ಬರೂ ಬಿಳಿಯರು. ರೈನರ್‌ಗೆ ಆಸ್ಕರ್ ಕೂಡ ಬಂತು. ಕೀ ಲ್ಯೂಕ್ ಅಲ್ಲಿ ಏನು? ದೊಡ್ಡ ಮಗ! ಇಲ್ಲಿಯೂ ಮಗ.

ಈಗ ನನಗೆ ತುಂಬಾ ಇಷ್ಟವಾದ ಕಥೆಗೆ ಬರುತ್ತೇನೆ. ಇದನ್ನು ನಿಧಾನವಾಗಿ ಹೇಳುತ್ತೇನೆ, ದಯವಿಟ್ಟು ಕೇಳಿ.

1938ರ ಜನವರಿ. ಚಾರ್ಲಿ ಚಾನ್ ಸರಣಿಯ ಹೊಸ ಚಿತ್ರದ ಶೂಟಿಂಗ್ ನಡೆಯುತ್ತಿದೆ, ಬಾಕ್ಸಿಂಗ್ ಪಂದ್ಯದ ಕಥೆ. ಒಲ್ಯಾಂಡ್ ಅವರ ಆರೋಗ್ಯವೂ ಸರಿಯಿಲ್ಲ, ಮನಸ್ಸೂ ಸರಿಯಿಲ್ಲ. ಒಂದು ದಿನ ಸೆಟ್‌ನಿಂದ ಎದ್ದು ಹೋದವರು ಮತ್ತೆ ಬರಲೇ ಇಲ್ಲ. ಹಾಕಿದ ದುಡ್ಡು ಮುಳುಗಬಾರದಲ್ಲ? ಸ್ಟುಡಿಯೊದವರು ಕಥೆಯನ್ನು ತಿದ್ದಿದರು. ಅವರ ಹತ್ತಿರ ಇನ್ನೊಬ್ಬ ಪತ್ತೇದಾರ ಇದ್ದ, ಜಪಾನಿನ ಮಿಸ್ಟರ್ ಮೋಟೊ. ಅವನ ಪಾತ್ರ ಮಾಡುತ್ತಿದ್ದವರು ಪೀಟರ್ ಲೋರಿ, ಅವರೂ ಬಿಳಿಯರೇ. ಚಾನ್ ಇದ್ದ ಜಾಗಕ್ಕೆ ಮೋಟೊ ಬಂದ. ಆದರೆ ಮಗನನ್ನು ಏನು ಮಾಡುವುದು? ಅವನನ್ನು ಮೋಟೊ ನಡೆಸುವ ಅಪರಾಧ ಶಾಸ್ತ್ರದ ಕ್ಲಾಸಿನ ವಿದ್ಯಾರ್ಥಿ ಮಾಡಿದರು! ಹೆಸರು ಅದೇ ಲೀ ಚಾನ್. ಅಪ್ಪ ಇಲ್ಲದ ಚಿತ್ರದಲ್ಲಿ ಮಗ ಉಳಿದುಕೊಂಡ. ಚಿತ್ರ ‘ಮಿಸ್ಟರ್ ಮೋಟೋಸ್ ಗ್ಯಾಂಬಲ್’ ಎಂಬ ಹೆಸರಿನಲ್ಲಿ ಬಿಡುಗಡೆಯಾಯಿತು. ಆಗಸ್ಟ್‌ನಲ್ಲಿ ಒಲ್ಯಾಂಡ್ ಸ್ಟಾಕ್‌ಹೋಮ್‌ನಲ್ಲಿ ತೀರಿಕೊಂಡರು.

ಹೊಸ ಚಾನ್ ಆಗಿ ಬಂದವರು ಸಿಡ್ನಿ ಟೋಲರ್. ಮತ್ತೆ ಬಿಳಿಯರು. ಲ್ಯೂಕ್ ಸರಣಿಯಿಂದ ಹೊರಗೆ ಬಂದರು. ಅವರ ಜಾಗದಲ್ಲಿ ಎರಡನೇ ಮಗನಾಗಿ ಸ್ಯಾನ್ ಫ್ರಾನ್ಸಿಸ್ಕೊ ಹುಡುಗ ವಿಕ್ಟರ್ ಸೆನ್ ಯಂಗ್ ಬಂದರು. ಟೋಲರ್ 1947ರಲ್ಲಿ ತೀರಿಕೊಂಡರು. ಆ ಹೊತ್ತಿಗೆ ಸರಣಿ ಮೊನೊಗ್ರಾಂ ಎಂಬ ಕಂಪನಿಯ ಕೈ ಸೇರಿತ್ತು. ಕಡಿಮೆ ದುಡ್ಡು, ಕಡಿಮೆ ದಿನ, ಬೇಗ ಬೇಗ ಚಿತ್ರ ಮುಗಿಸುವ ಕಂಪನಿ. ಅವರು ಮೂರನೇ ಚಾನ್‌ನನ್ನು ಹುಡುಕಿದರು. ಯಾರು ಸಿಕ್ಕಿದರು? ಬಾಸ್ಟನ್‌ನ ರೋಲ್ಯಾಂಡ್ ವಿಂಟರ್ಸ್. ಇವರೂ ಬಿಳಿಯರು.

1948ರಲ್ಲಿ ‘ದಿ ಫೆದರ್ಡ್ ಸರ್ಪೆಂಟ್’ ಚಿತ್ರಕ್ಕೆ ಕೀ ಲ್ಯೂಕ್ ಅವರನ್ನು ವಾಪಸ್ ಕರೆಸಿದರು. ಪಾತ್ರ ಅದೇ, ನಂಬರ್ ಒನ್ ಸನ್. ವಿಕ್ಟರ್ ಸೆನ್ ಯಂಗ್ ಕೂಡ ಇದ್ದರು, ಇಬ್ಬರು ಮಕ್ಕಳೂ ಒಟ್ಟಿಗೆ ಕಾಣುವುದು ಅದೊಂದೇ ಚಿತ್ರದಲ್ಲಿ. ಈಗ ತಾರೀಖು ನೋಡಿ. ಕೀ ಲ್ಯೂಕ್ ಹುಟ್ಟಿದ್ದು 1904ರ ಜೂನ್‌ನಲ್ಲಿ. ಅಪ್ಪನ ಪಾತ್ರದ ವಿಂಟರ್ಸ್ ಹುಟ್ಟಿದ್ದು 1904ರ ನವೆಂಬರ್‌ನಲ್ಲಿ. ಅಪ್ಪ ಮಗನಿಗಿಂತ ಐದು ತಿಂಗಳು ಚಿಕ್ಕವನು! ನಲವತ್ನಾಲ್ಕು ವರ್ಷದ ಕೀ ಲ್ಯೂಕ್, ತನಗಿಂತ ಚಿಕ್ಕವನನ್ನು ‘ಪಾಪ್’ ಅಂತ ಕರೆಯುತ್ತಾ ಹಿಂದೆ ಹಿಂದೆ ಓಡಬೇಕು. ಚಾನ್ ಪಾತ್ರಕ್ಕೆ ಜನ ಹುಡುಕುತ್ತಿದ್ದರಲ್ಲ, ಆ ಪಾತ್ರದ ಜೊತೆ ಹದಿಮೂರು ವರ್ಷದ ನಂಟು ಇದ್ದ ಚೀನಿ ನಟ ಕೈಯಳತೆಯಲ್ಲೇ ಇದ್ದರು. ಅವರನ್ನು ಅಪ್ಪನ ಕುರ್ಚಿಯಲ್ಲಿ ಕೂರಿಸೋಣ ಅಂತ ಆ ಕಂಪನಿಗೆ ಅನ್ನಿಸಲಿಲ್ಲ. ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಅವರಿಗೆ ನಾಯಕನಾಗಲು ಬರುತ್ತಿರಲಿಲ್ಲವೇ? ಬರುತ್ತಿತ್ತು! ಇದೇ ಮೊನೊಗ್ರಾಂನವರು 1940ರಲ್ಲಿ ‘ಫ್ಯಾಂಟಮ್ ಆಫ್ ಚೈನಾಟೌನ್’ ತೆಗೆದಿದ್ದರು. ಅದರಲ್ಲಿ ಪತ್ತೇದಾರ ಮಿಸ್ಟರ್ ವಾಂಗ್ ಪಾತ್ರ ಲ್ಯೂಕ್ ಅವರದ್ದೇ. ಅದಕ್ಕೆ ಮೊದಲು ಐದು ಚಿತ್ರಗಳಲ್ಲಿ ವಾಂಗ್ ಆಗಿದ್ದವರು ಬೋರಿಸ್ ಕಾರ್ಲಾಫ್. ಲ್ಯೂಕ್ ಮಾಡಿದ ವಾಂಗ್‌ಗೆ ಅಂಟಿಸಿದ ಮೀಸೆ ಇಲ್ಲ, ನಟಿಸಿದ ಉಚ್ಚಾರ ಇಲ್ಲ. ಸೂಟು ಹಾಕಿದ ಚುರುಕು ಯುವಕ, ನೇರ ಮಾತು. ಎಷ್ಟು ಸಲೀಸಾಗಿ ಇಡೀ ಚಿತ್ರ ಹೊತ್ತಿದ್ದಾರೆ ಅಂದರೆ, ನೋಡಿದವರಿಗೆ ಖುಷಿಯಾಗುತ್ತದೆ. ಆ ಸರಣಿ ಅಲ್ಲಿಗೇ ನಿಂತಿತು.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. 1940ರ ‘ಗ್ರೀನ್ ಹಾರ್ನೆಟ್’ ಸರಣಿ ಚಿತ್ರದಲ್ಲಿ ಕೇಟೊ ಎಂಬ ಸಹಾಯಕನ ಪಾತ್ರ ಲ್ಯೂಕ್ ಮಾಡಿದರು. 1966ರಲ್ಲಿ ಟಿವಿಗೆ ಅದೇ ಪಾತ್ರ ಬಂದಾಗ ಮಾಡಿದವರು ಬ್ರೂಸ್ ಲೀ. ಎಂಜಿಎಂ ಸ್ಟುಡಿಯೊದ ಡಾಕ್ಟರ್ ಗಿಲೆಸ್ಪಿ ಚಿತ್ರಗಳಲ್ಲಿ ಲ್ಯೂಕ್ ಬ್ರೂಕ್ಲಿನ್ನಿನ ಯುವ ಡಾಕ್ಟರ್. ವಿಕ್ಟರ್ ಸೆನ್ ಯಂಗ್ ‘ಬೊನಾಂಜಾ’ ಧಾರಾವಾಹಿಯಲ್ಲಿ 1959ರಿಂದ ಅಡುಗೆಯ ಹಾಪ್ ಸಿಂಗ್ ಆದರು. ಅವರ ಬಗ್ಗೆಯೇ ಬೇರೆ ಒಂದು ಭಾಷಣ ಬೇಕು, ಇವತ್ತು ಆಗುವುದಿಲ್ಲ.

ಕೊನೆಗೂ ಲ್ಯೂಕ್ ಅಪ್ಪನಾದದ್ದು ನಾಟಕದಲ್ಲಿ. 1958ರ ಡಿಸೆಂಬರ್‌ನಲ್ಲಿ ಬ್ರಾಡ್‌ವೇಯಲ್ಲಿ, ಅಂದರೆ ನ್ಯೂಯಾರ್ಕಿನ ದೊಡ್ಡ ನಾಟಕ ಮಂದಿರಗಳ ಜಾಗದಲ್ಲಿ, ‘ಫ್ಲವರ್ ಡ್ರಮ್ ಸಾಂಗ್’ ಶುರುವಾಯಿತು. ಸ್ಯಾನ್ ಫ್ರಾನ್ಸಿಸ್ಕೊ ಚೈನಾಟೌನ್‌ನ ಕಥೆ. ಹಳೇ ಕಾಲದ ಮನೆ ಯಜಮಾನ ವಾಂಗ್ ಆಗಿ ಲ್ಯೂಕ್ ನಿಂತರು. ನಾಟಕ 600 ಪ್ರದರ್ಶನ ಕಂಡಿತು. 1961ರಲ್ಲಿ ಅದು ಸಿನಿಮಾ ಆದಾಗ ಆ ಪಾತ್ರ ಬೆನ್ಸನ್ ಫಾಂಗ್‌ಗೆ ಹೋಯಿತು. ಬೆನ್ಸನ್ ಫಾಂಗ್ ಯಾರು ಗೊತ್ತಾ? ಚಾರ್ಲಿ ಚಾನ್‌ನ ಮೂರನೇ ಮಗ!

1972ರಲ್ಲಿ ಎರಡು ಸಂಗತಿ ನಡೆದವು. ‘ಕುಂಗ್ ಫು’ ಎಂಬ ಟಿವಿ ಕಥೆ ಬಂತು. ಅರ್ಧ ಚೀನಿ ನಾಯಕನ ಪಾತ್ರಕ್ಕೆ ಬಿಳಿಯ ನಟ ಡೇವಿಡ್ ಕ್ಯಾರಡೈನ್. ಅಲ್ಲಿಯೂ ಅದೇ ರಾಗ. ಲ್ಯೂಕ್ ಅವರದ್ದು ಗುರು ಪೋ, ಕಣ್ಣು ಕಾಣದ ಮುದುಕ. ಒಂದು ದೃಶ್ಯದಲ್ಲಿ ಗುರು, ಇನ್ನೂ ಪುಟ್ಟ ಹುಡುಗನಾಗಿರುವ ನಾಯಕನಿಗೆ ಕಣ್ಣು ಮುಚ್ಚಿಕೋ ಅನ್ನುತ್ತಾರೆ. ನಿನ್ನ ಕಾಲ ಬಳಿ ಇರುವ ಮಿಡತೆಯ ಸದ್ದು ಕೇಳುತ್ತಾ ಅಂತ ಕೇಳುತ್ತಾರೆ. ಹುಡುಗ ಬಗ್ಗಿ ನೋಡುತ್ತಾನೆ, ಮಿಡತೆ ಅಲ್ಲೇ ಇದೆ. ಲ್ಯೂಕ್ ಮುಖದಲ್ಲಿ ಏನೂ ಜಾಸ್ತಿ ಮಾಡುವುದಿಲ್ಲ. ತಲೆ ಒಂದಿಷ್ಟು ವಾಲಿಸಿ ಆಲಿಸುತ್ತಾರೆ, ಅಷ್ಟೇ. ಧಾರಾವಾಹಿಯಲ್ಲಿ ಜನ ನೆನಪಿಟ್ಟುಕೊಂಡದ್ದು ಆ ಗುರುವನ್ನು.

ಎರಡನೆಯದು, ಅದೇ ವರ್ಷ ಮಕ್ಕಳ ಕಾರ್ಟೂನಿನಲ್ಲಿ ಚಾರ್ಲಿ ಚಾನ್ ಬಂದ. ಚಾನ್‌ಗೆ ದನಿ ಕೊಟ್ಟವರು ಕೀ ಲ್ಯೂಕ್! 1935ರ ಮಗ, 37 ವರ್ಷದ ನಂತರ ಅಪ್ಪನಾದ. ಅಮೆರಿಕದಲ್ಲಿ ಆ ಪಾತ್ರ ಸಿಕ್ಕಿದ ಮೊದಲ ಚೀನಿ ನಟ ಅವರೇ. ಅದೂ ಮುಖ ಕಾಣದ ಹಾಗೆ, ದನಿ ಮಾತ್ರ.

1984ರ ‘ಗ್ರೆಮ್ಲಿನ್ಸ್’ ಚಿತ್ರದ ಅಂಗಡಿಯ ಮುದುಕ ಕೂಡ ಇವರೇ. 1990ರ ಡಿಸೆಂಬರ್‌ನಲ್ಲಿ ಹೆಸರಾಂತ ಕಲಾವಿದರ ಹೆಸರಿನ ನಕ್ಷತ್ರಗಳಿರುವ ಹಾಲಿವುಡ್ ಕಾಲುದಾರಿಯಲ್ಲಿ ಅವರ ಹೆಸರಿನ ನಕ್ಷತ್ರವನ್ನೂ ಕೂರಿಸಿದರು. ಮುಂದಿನ ತಿಂಗಳು, 1991ರ ಜನವರಿ 12ರಂದು, ತೀರಿಕೊಂಡರು. 86 ವರ್ಷ.

ಒಂದು ನಿಮಿಷ ಇದೆ ಅಂತ ಸನ್ನೆ ಮಾಡುತ್ತಿದ್ದಾರೆ. ಕೀ ಲ್ಯೂಕ್ ಹೆಸರೇ ಕೇಳಿಲ್ಲ ಅನ್ನುವವರಿಗೆ ಇದನ್ನು ಹೇಳಲೇಬೇಕು. ಬ್ರೂಸ್ ಲೀ ಅವರ ‘ಎಂಟರ್ ದಿ ಡ್ರಾಗನ್’ ನಿಮ್ಮಲ್ಲಿ ಎಷ್ಟೋ ಜನ ನೋಡಿರುತ್ತೀರಿ. 1973ರ ಚಿತ್ರ. ಅದರ ಖಳನಾಯಕ ಹ್ಯಾನ್, ಕೈಗೆ ಉಗುರಿನ ಪಂಜ ಹಾಕಿಕೊಂಡು ಕನ್ನಡಿಗಳ ಕೋಣೆಯಲ್ಲಿ ಹೋರಾಡುವವನು. ತೆರೆಯ ಮೇಲೆ ಇರುವವರು ಹಾಂಗ್‌ಕಾಂಗ್ ನಟ ಶಿ ಕಿಯೆನ್. ಇಂಗ್ಲಿಷ್ ದನಿ ಮಾತ್ರ ಕೀ ಲ್ಯೂಕ್ ಅವರದ್ದು. ಅತಿಥಿಗಳನ್ನು ತನ್ನ ದ್ವೀಪಕ್ಕೆ ಸ್ವಾಗತಿಸುವ ಆ ತಣ್ಣಗಿನ ಮಾತು ಅವರದ್ದೇ. ಮುಂದಿನ ಸಲ ಇಂಗ್ಲಿಷ್‌ನಲ್ಲೇ ಹಾಕಿಕೊಂಡು ಕೇಳಿ. ನಮಸ್ಕಾರ.