ಲೇತ್ ನಿಂತಿದೆ ಅಂದುಕೊಂಡಿದ್ದೆ

ಈ ಲೇತ್ ನೋಡಿ, ಮರದ ತುಂಡನ್ನ ಗಿರಗಿರ ತಿರುಗಿಸಿ ಕಡೆಯೋ ಮಷಿನ್. ಅವತ್ತು ಸಂಜೆ ಇದರ ಚಕ್, ಅಂದ್ರೆ ಮರ ಕಚ್ಚಿ ಹಿಡಿದು ತಿರುಗೋ ತಲೆ, ನನ್ನ ಕಣ್ಣಿಗೆ ಹೇಗೆ ಕಂಡಿತ್ತು ಅಂದ್ರೆ, ಆಫ್ ಮಾಡಿದ ಮೇಲೆ ಮೆಲ್ಲಗೆ ತಿರುಗಿ ನಿಲ್ಲೋ ಫ್ಯಾನ್ ಇರುತ್ತಲ್ಲ, ಹಾಗೆ. ಅದೂ ಹಿಂದಕ್ಕೆ ತಿರುಗಿದ ಹಾಗೆ. ನಾನು ಕಿವಿಗೆ ಮಫ್ ಹಾಕಿದ್ದೆ, ಪಕ್ಕದಲ್ಲಿ ಹುಡಿ ಎಳೆಯೋ ಮಷಿನ್ ಗುಂಯ್ ಅಂತಿತ್ತು. ಲೇತ್ ಆಫ್ ಮಾಡಾಯ್ತು ಅಂತಲೇ ನಂಬಿ, ಅದರಲ್ಲಿ ಕಡೀತಿದ್ದ ಬಟ್ಟಲಿನ ಒಳಗೆ ಸಿಕ್ಕಿಕೊಂಡಿದ್ದ ಸುರುಳಿ ಸಿಪ್ಪೆ ತೆಗೆಯೋಕೆ ಕೈ ಚಾಚಿದೆ. ಇನ್ನು ನಾಲ್ಕು ಬೆರಳು ದೂರ ಇರುವಾಗ ಅಂಗೈಗೆ ಗಾಳಿ ತಾಗಿತು.

ನಿಂತ ಚಕ್ ಗಾಳಿ ಬೀಸಲ್ಲ. ಕೈ ವಾಪಸ್ ಬಂತು, ಐದೂ ಬೆರಳಿನ ಸಮೇತ.

ಆ ಕೆಲಸವನ್ನ ಫೋನಲ್ಲಿ ವಿಡಿಯೋ ಮಾಡಿದ್ದೆ. ರಾತ್ರಿ ಅದನ್ನ ಎಡಿಟ್ ಮಾಡೋಕೆ ಕೂತ್ರೆ ಗೋಡೆ ತುಂಬ ಕಪ್ಪು ಪಟ್ಟಿಗಳು, ಮೇಲಿಂದ ಕೆಳಗೆ ಇಳಿತಾ ಇವೆ. ಅದನ್ನ ನಾನು ಎಷ್ಟೋ ಸಲ ನೋಡಿದ್ದೆ. ಫೋನಿನ ದೋಷ ಅಂದುಕೊಂಡು ಕ್ಯಾಮೆರಾದ ಶಟರ್ ಸೆಕೆಂಡಿನ 1/50 ಹೊತ್ತು ತೆರೆದಿರೋ ಹಾಗೆ ಇಟ್ಟು ಸುಮ್ಮನಾಗ್ತಿದ್ದೆ. ಪಟ್ಟಿ ಮಾಯ ಆಗ್ತಿತ್ತು, ಹೌದು. ಆದ್ರೆ ಕಣ್ಣಿಗೆ ಶಟರ್ ಇಲ್ಲವಲ್ಲ.

ಆ ಪಟ್ಟಿಗೂ, ಚಕ್ ಹಾಗೆ ಕಂಡಿದ್ದಕ್ಕೂ ಕಾರಣ ಒಂದೇ, ಮಿನುಗೋ ಬೆಳಕು. ವಿಷಯ ಇಷ್ಟೇ. ನಮ್ಮ ಮನೆಗೆ ಬರೋ ಕರೆಂಟು 50 ಹರ್ಟ್ಸ್. ಸೆಕೆಂಡಿಗೆ 50 ಸಲ ಆ ಕಡೆ, 50 ಸಲ ಈ ಕಡೆ ತೂಗುತ್ತೆ. ಒಳಗೆ ಒಳ್ಳೆ ಡ್ರೈವರ್ (ಕರೆಂಟನ್ನ ಒಂದೇ ಸಮ ಮಾಡಿ ಕೊಡೋ ಸರ್ಕ್ಯೂಟು) ಇಲ್ಲದ ಎಲ್‌ಇಡಿ ಟ್ಯೂಬು ಅದೇ ತಾಳಕ್ಕೆ ಸೆಕೆಂಡಿಗೆ 100 ಸಲ ಮಿನುಗುತ್ತೆ. ನನ್ನ ಲೇತ್ ಆವತ್ತು ನಿಮಿಷಕ್ಕೆ 1440 ಸುತ್ತಿನ ಲೆಕ್ಕದಲ್ಲಿತ್ತು, ಅಂದ್ರೆ ಸೆಕೆಂಡಿಗೆ 24. ಚಕ್‌ಗೆ ಇರೋದು ನಾಲ್ಕು ದವಡೆ. ಒಂದು ಮಿನುಗಿಂದ ಇನ್ನೊಂದು ಮಿನುಗಿಗೆ ಚಕ್ ಕಾಲು ಸುತ್ತಿಗೆ ಒಂಚೂರು ಕಮ್ಮಿ ತಿರುಗಿರುತ್ತೆ. ಮೊದಲನೇ ದವಡೆ ಇದ್ದ ಜಾಗಕ್ಕೆ ಎರಡನೇದು ಇನ್ನೇನು ಬಂದು ಸೇರಬೇಕು, ಅಷ್ಟರಲ್ಲಿ ಬೆಳಕು ಬೀಳುತ್ತೆ. ಕಣ್ಣಿಗೆ ನಾಲ್ಕೂ ದವಡೆ ಒಂದೇ. ಹಾಗಾಗಿ ಸೆಕೆಂಡಿಗೆ 24 ಸುತ್ತು ಮುಂದಕ್ಕೆ ಓಡ್ತಿರೋದು, ಸೆಕೆಂಡಿಗೆ ಒಂದೇ ಒಂದು ಸುತ್ತು ಹಿಂದಕ್ಕೆ ತಿರುಗಿದ ಹಾಗೆ ಕಾಣುತ್ತೆ. ಬಾಗಿಲಿನಿಂದ ಹಗಲು ಬೆಳಕು ಬರ್ತಿದ್ರೆ ಇಷ್ಟು ಮೋಸ ಆಗಲ್ಲ. ಅದು ಸಂಜೆ ಏಳು ಗಂಟೆ, ಜೂನ್ ತಿಂಗಳು.

ಇದು ನಮ್ಮ ಶೆಡ್. ಶಿವಮೊಗ್ಗ ಜಿಲ್ಲೆಯ ಸಾಗರ ಪೇಟೆಯಿಂದ ಸ್ವಲ್ಪ ಒಳಗೆ ನಮ್ಮೂರು. ಮೊದಲು ಇದು ಅಡಿಕೆ ಬೇಯಿಸೋ, ತುಂಬಿಡೋ ಮನೆ. 30 ಅಡಿ ಉದ್ದ, 20 ಅಡಿ ಅಗಲ, ಮೇಲೆ ಹಂಚು. ಮೂರು ತಲೆಮಾರಿನ ಒಲೆ ಹೊಗೆ ಕುಡಿದು ಪಕಾಸಿ, ರೀಪು ಎಲ್ಲ ಕಾಡಿಗೆ ಬಣ್ಣ. ಅಜ್ಜ ಆರು ಗಾಜಿನ ಹಂಚು ಹಾಕಿಸಿದ್ರು. ಬೇಸಿಗೆಯಲ್ಲಿ ಅದರಿಂದ ಬಿಸಿಲು ಕೋಲು ಇಳಿದ ಹಾಗೆ ಇಳಿಯುತ್ತೆ, ಮಳೆಗಾಲಕ್ಕೆ ಮೇಲೆ ಪಾಚಿ ಕಟ್ಟಿ ಅದೂ ಮಸುಕು. ನಾನು ಮರಗೆಲಸ ಶುರು ಮಾಡಿದಾಗ ಪೇಟೆಗೆ ಹೋಗಿ ಇದ್ದಿದ್ದರಲ್ಲೇ ಸೋವಿಯ ಎಂಟು ಟ್ಯೂಬು ತಂದು, ಸಿಕ್ಕ ಸಿಕ್ಕ ತೊಲೆಗೆ ಹೊಡೆಸಿದ್ದೆ. ಬೆಳಕಿಗೆ ನಾನು ಕೊಟ್ಟ ಯೋಚನೆ ಅಷ್ಟೇ. ಗರಗಸಕ್ಕೆ ಆರು ತಿಂಗಳು ಯೋಚನೆ ಮಾಡಿದ್ದೆ.

ಸರಿ, ಈ ಸಲ ಲೆಕ್ಕ ಹಾಕಿ ಮಾಡೋಣ ಅಂತ ಕೂತೆ. ಕಟ್ಟಡದ ಒಳಗಿನ ಬೆಳಕಿಗೆ ನಮ್ಮಲ್ಲೇ ಒಂದು ಮಾನಕ ಇದೆ, ಐಎಸ್ 3646. ಮರಗೆಲಸದ ಸಾಮಾನ್ಯ ಕೆಲಸಕ್ಕೆ ಮೇಜಿನ ಮೇಲೆ ಸುಮಾರು 300 ಲಕ್ಸ್, ನಾಜೂಕು ಕೆಲಸಕ್ಕೆ 500. ಲ್ಯೂಮೆನ್ ಅಂದ್ರೆ ದೀಪ ಕೊಡೋ ಬೆಳಕಿನ ಅಳತೆ. ಒಂದು ಚದರ ಮೀಟರಿಗೆ ಒಂದು ಲ್ಯೂಮೆನ್ ಬಿದ್ರೆ ಅದು ಒಂದು ಲಕ್ಸ್. ನನ್ನ ಶೆಡ್ 600 ಚದರಡಿ, ಅಂದಾಜು 56 ಚದರ ಮೀಟರ್. 56ನ್ನ 300ರಿಂದ ಗುಣಿಸಿದ್ರೆ 16,800 ಲ್ಯೂಮೆನ್. ಇಲ್ಲಿಗೇ ನಿಲ್ಲಿಸಿದ್ರೆ ಮೋಸ ಹೋಗ್ತೀರಿ. ದೀಪದಿಂದ ಹೊರಟ ಬೆಳಕೆಲ್ಲ ಮೇಜಿಗೆ ಬರಲ್ಲ. ಗೋಡೆ ಒಂದಿಷ್ಟು ತಿನ್ನುತ್ತೆ, ಹುಡಿ ಕೂತು ಒಂದಿಷ್ಟು ಹೋಗುತ್ತೆ, ವರ್ಷ ಕಳೆದಂತೆ ಟ್ಯೂಬೇ ಮಂಕಾಗುತ್ತೆ. ನನ್ನ ಶೆಡ್‌ಗೆ ಅರ್ಧಕ್ಕರ್ಧ ಹೋಯ್ತು ಅಂತಲೇ ಹಿಡಿದೆ. ಹಾಗಾದ್ರೆ ಬೇಕಾಗಿದ್ದು 33,600. ನಾಲ್ಕಡಿಯ 20 ವ್ಯಾಟ್ ಟ್ಯೂಬು 2,000 ಲ್ಯೂಮೆನ್ ಕೊಡುತ್ತೆ. ಹದಿನೇಳು ಟ್ಯೂಬು. ಮೂರು ಸಾಲಿಗೆ ಸರಿಯಾಗಿ ಬರಲಿ ಅಂತ ಹದಿನೆಂಟು.

ಅಪ್ಪಯ್ಯ ಇದನ್ನ ಕೇಳಿ, “ಎಂತ ಮಾರಾಯ್ತಿ, ಮದುವೆ ಚಪ್ಪರಕ್ಕೂ ಇಷ್ಟು ಲೈಟು ಹಾಕಿರ್ಲಿಲ್ಲ” ಅಂದ್ರು.

ಅಂಗಡಿಯ ಕಥೆ ಹೇಳಬೇಕು. ಜೇಬಲ್ಲಿ ಒಂದು ಪೆನ್ಸಿಲ್ ಇಟ್ಟುಕೊಂಡು ಹೋಗಿದ್ದೆ. ಟ್ಯೂಬ್ ಹೊತ್ತಿಸಿ ತೋರಿಸಿ ಅನ್ನೋದು, ಅದರ ಕೆಳಗೆ ಪೆನ್ಸಿಲ್ಲನ್ನ ಬೀಸಣಿಗೆ ಥರ ಜೋರಾಗಿ ಅಲ್ಲಾಡಿಸೋದು. ಮಿನುಗೋ ದೀಪದ ಕೆಳಗೆ ಪೆನ್ಸಿಲ್ ಹತ್ತು ಹನ್ನೆರಡು ಬಿಡಿ ಬಿಡಿ ಕಡ್ಡಿ ಆಗಿ, ನವಿಲುಗರಿ ಬಿಚ್ಚಿದ ಹಾಗೆ ಕಾಣುತ್ತೆ. ಒಳ್ಳೆ ಡ್ರೈವರ್ ಇರೋದರ ಕೆಳಗೆ ಒಂದೇ ಮಸುಕು, ಹೊಗೆ ಥರ. ಅನುಮಾನ ಇದ್ರೆ ಫೋನಿನ ಸ್ಲೋ ಮೋಷನ್ ಇಟ್ಟು ನೋಡಿ, ಇನ್ನೂ ಸ್ಪಷ್ಟ. ಅಂಗಡಿಯವರು ಮೊದಲು ನನ್ನ ಮುಖ ನೋಡಿದ್ರು, ಆಮೇಲೆ ಹುಡುಗನ ಮುಖ ನೋಡಿದ್ರು. ಐದನೇ ಟ್ಯೂಬ್ ಹೊತ್ತಿಗೆ ಅವರೇ ಪೆನ್ಸಿಲ್ ಇಸ್ಕೊಂಡು ಅಲ್ಲಾಡಿಸ್ತಾ ಇದ್ರು. ಐದರಲ್ಲಿ ಎರಡು ಪಾಸು.

ಇನ್ನು ಬಣ್ಣ. ನಮ್ಮ ಕಡೆ ಅಂಗಡಿಯಲ್ಲಿ ಕೇಳೋದು ಒಂದೇ ಪ್ರಶ್ನೆ: ಬಿಳಿ ಬೇಕಾ, ಹಳದಿ ಬೇಕಾ. ಬೆಳಕಿನ ಬಣ್ಣ ಅಳೆಯೋದು ಕೆಲ್ವಿನ್‌ನಲ್ಲಿ. ಬಿಳಿ ಅಂದ್ರೆ 6500 ಕೆಲ್ವಿನ್, ಆಸ್ಪತ್ರೆ ಬಿಳಿ. ಹಳದಿ ಅಂದ್ರೆ 3000. ನನಗೆ ಬೇಕಾಗಿದ್ದು ನಡುವಿನ 4000. ಯಾಕೆ ಹಠ ಅಂದ್ರೆ, ಹೋದ ವರ್ಷ ಒಂದು ಹಲಸಿನ ಮರದ ಪೆಟ್ಟಿಗೆ ಮಾಡಿದ್ದೆ. ಶೆಡ್ಡಿನಲ್ಲಿ ನೋಡಿದ್ರೆ ಸಪ್ಪೆ, ಹಸಿರು ಮಿಶ್ರ ಹಳದಿ. ಸಪ್ಪೆಯಾಯ್ತು ಅಂತ ಪಾಲಿಶ್‌ಗೆ ಸ್ವಲ್ಪ ಕೆಂಪು ಬಣ್ಣ ಸೇರಿಸಿದೆ. ಬೆಳಗ್ಗೆ ಅಂಗಳಕ್ಕೆ ತಂದು ನೋಡ್ತೀನಿ, ಪೆಟ್ಟಿಗೆ ಕುಂಕುಮದ ಭರಣಿ ಆಗಿದೆ! ಬಿಳಿ ಎಲ್‌ಇಡಿ ಒಳಗೆ ನಿಜವಾಗಿ ಇರೋದು ನೀಲಿ ದೀಪ. ಮೇಲೆ ಬಳಿದ ಫಾಸ್ಫರ್ ಪುಡಿ ಆ ನೀಲಿಯಲ್ಲಿ ಒಂದಿಷ್ಟನ್ನ ಹಳದಿ ಮಾಡುತ್ತೆ, ಎರಡೂ ಸೇರಿ ಬಿಳಿ. ಆ ನೀಲಿ ಎಲ್‌ಇಡಿ ಕಂಡುಹಿಡಿದಿದ್ದಕ್ಕೇ 2014ರಲ್ಲಿ ಅಕಾಸಾಕಿ, ಅಮಾನೊ, ನಾಕಾಮುರಾ ಮೂವರಿಗೆ ಭೌತಶಾಸ್ತ್ರದ ನೊಬೆಲ್ ಬಂತು. ಆದ್ರೆ ಈ ಬೆಸುಗೆಯಲ್ಲಿ ಕೆಂಪಿನ ಪಾಲು ಕಮ್ಮಿ. ತೇಗ, ಹೊನ್ನೆ, ಬೀಟೆ, ಹಲಸು, ನಮ್ಮ ಮರಗಳ ಜೀವ ಇರೋದೇ ಕೆಂಪು-ಕಂದು ಬಣ್ಣದಲ್ಲಿ. ಡಬ್ಬದ ಮೇಲೆ ಸಿಆರ್‌ಐ ಅಂತ ಬರೆದಿರ್ತಾರೆ ನೋಡಿ, ಬಣ್ಣ ಎಷ್ಟು ನಿಜವಾಗಿ ಕಾಣುತ್ತೆ ಅನ್ನೋದರ ಅಂಕ. ನೂರಕ್ಕೆ 80 ಸಾಮಾನ್ಯ, 90 ಮೇಲಿದ್ರೆ ಒಳ್ಳೇದು. 90ರದ್ದು ಎರಡು ಪಟ್ಟು ಬೆಲೆ, ಶಿವಮೊಗ್ಗದಿಂದ ಬರಬೇಕು. ಹದಿನೆಂಟೂ ಅದೇ ತರಿಸೋ ಹುಚ್ಚು ನಂಗಿಲ್ಲ. ಪಾಲಿಶ್ ಮಾಡೋ ಮೂಲೆಗೆ ನಾಲ್ಕು 90ರದ್ದು, ಉಳಿದ ಹದಿನಾಲ್ಕು 80ರದ್ದು. ಹಲಗೆ ಕೊಯ್ಯೋಕೆ ಬಣ್ಣ ಯಾಕೆ?

ಈಗ ನಾನು ಮಾಡಿದ ತಪ್ಪು. ನಮ್ಮ ವೈರಿಂಗ್ ಅಣ್ಣ ಟೇಪ್ ಹಿಡಿದು 20 ಅಡಿಯನ್ನ ನೀಟಾಗಿ ಹಂಚಿ ಗುರುತು ಹಾಕಿದ್ರು. ನಡುವೆ ಒಂದು ಸಾಲು, ಗೋಡೆಯಿಂದ ಮೂರೂಕಾಲು ಅಡಿಗೆ ಅತ್ತ ಒಂದು, ಇತ್ತ ಒಂದು. ನೋಡೋಕೆ ಚಂದ. ಗೋಡೆಗೆ ತಾಗಿ ನನ್ನ ಕೆಲಸದ ಮೇಜಿದೆ, ಎರಡೂವರೆ ಅಡಿ ಅಗಲ. ಅದರ ಮುಂದೆ ನಾನು ನಿಂತ್ರೆ ನನ್ನ ತಲೆ ಗೋಡೆಯಿಂದ ಎಷ್ಟು ದೂರ? ಸುಮಾರು ಮೂರಡಿ. ಅಂದ್ರೆ ಟ್ಯೂಬು ಬರೋದು ನನ್ನ ನೆತ್ತಿಗಿಂತ ಸ್ವಲ್ಪ ಹಿಂದೆ!

ಡ್ರಿಲ್ ಹೊಡೆಯೋ ಮುಂಚೆ ಪುಣ್ಯಕ್ಕೆ ಒಂದು ಪರೀಕ್ಷೆ ಮಾಡಿದೆ. ಅಪ್ಪಯ್ಯನ ಬಿದಿರು ದೋಟಿ ತುದಿಗೆ ಒಂದು ಟ್ಯೂಬು ಕಟ್ಟಿದ್ವಿ. ಬಿದಿರಿನದ್ದೇ, ಈಗ ಅಡಿಕೆ ಕೊನೆ ಕೊಯ್ಯೋಕೆ ಬಂದಿರೋ ಕಾರ್ಬನ್ ಫೈಬರ್ ದೋಟಿ ಅಲ್ಲ. ಅದರಲ್ಲಿ ಕರೆಂಟು ಹರಿಯುತ್ತೆ, ದಯವಿಟ್ಟು ಯಾರೂ ಪ್ರಯತ್ನ ಮಾಡಬೇಡಿ. ಅಪ್ಪಯ್ಯ ದೋಟಿ ಎತ್ತಿ ಹಿಡಿದ್ರು. ನಾನು ಹಲಗೆ ಮೇಲೆ ಮಟ್ಟಗೋಲು ಇಟ್ಟು ಪೆನ್ಸಿಲ್ ಗೆರೆ ಎಳೆಯೋಕೆ ಬಗ್ಗಿದೆ. ಬಗ್ಗಿದ ತಕ್ಷಣ ಗೆರೆ ಕಾಣೆ. ನನ್ನದೇ ತಲೆಯ ನೆರಳು, ಕೂದಲಿನ ಗಂಟಿನ ಸಮೇತ, ಸರಿಯಾಗಿ ಗೆರೆ ಮೇಲೆ ಕೂತಿತ್ತು. “ಅಪ್ಪಯ್ಯ, ಸ್ವಲ್ಪ ಗೋಡೆ ಕಡೆ.” ನೆರಳು ಹೊಟ್ಟೆ ಕಡೆ ಜಾರಿತು. “ಇನ್ನೂ ಸ್ವಲ್ಪ.” ಗೋಡೆಯಿಂದ ಎರಡಡಿಗೆ ಬಂದಾಗ ಗೆರೆ ಪೂರ್ತಿ ಬೆಳಕಿಗೆ ಬಂತು, ನೆರಳು ನನ್ನ ಕಾಲ ಹತ್ತಿರ ಹೋಗಿ ಬಿತ್ತು. ಇಷ್ಟು ವರ್ಷ ಶೆಡ್ ಕತ್ತಲು ಅಂತ ಬೈಕೊಂಡಿದ್ನಲ್ಲ, ಅರ್ಧ ಕತ್ತಲು ನನ್ನದೇ ತಲೆ.

ಹಾಗಾಗಿ ಸಾಲುಗಳು ಈಗ ಗೋಡೆಯಿಂದ ಎರಡಡಿ, ನಡುವೆ ಒಂದು, ಆ ಗೋಡೆಯಿಂದ ಎರಡಡಿ. ಸಾಲಿಂದ ಸಾಲಿಗೆ ಎಂಟಡಿ. ಟ್ಯೂಬು ನೆಲದಿಂದ ಒಂಬತ್ತು ಅಡಿಗೆ ಜಿಐ ಪೈಪಿನಿಂದ ಇಳಿಬಿಟ್ಟಿದೆ, ಮೇಜಿನಿಂದ ಲೆಕ್ಕ ಹಾಕಿದ್ರೆ ಆರಡಿ ಮೇಲೆ. ಈ ಎತ್ತರದ ಒಂದೂವರೆ ಪಟ್ಟಿಗಿಂತ ಸಾಲುಗಳು ದೂರ ಆದ್ರೆ ನಡುವೆ ಮಬ್ಬು ಪಟ್ಟೆ ಬರುತ್ತೆ. ಎಂಟಡಿ ಅಂದ್ರೆ ಒಳಗೇ ಇದೆ. ಮೇಲೆ ಪಕಾಸಿಗೇ ಹೊಡೆದಿದ್ರೆ ಬೆಳಕೆಲ್ಲ ಮಸಿಗೆ ಅರ್ಪಣೆ. ಪಕಾಸಿಗೂ ಬಿಳಿ ಬಣ್ಣ ಹೊಡೆಸೋಣ ಅಂದಿದ್ದೆ, ಹೊಗೆ ಹಿಡಿದ ಮರಕ್ಕೆ ಹುಳ ಬೀಳಲ್ಲ, ಮುಟ್ಟಬೇಡ ಅಂದ್ರು ಅಪ್ಪಯ್ಯ. ಬಿಟ್ಟೆ. ಗೋಡೆಗೆ ಮಾತ್ರ ಎರಡು ಕೈ ಸುಣ್ಣ. ಗಾಜಿನ ಹಂಚಿನ ಪಾಚಿ ಉಜ್ಜಿಸಿದೆ.

ವೈರಿಂಗ್ ನಾನು ಮಾಡಿಲ್ಲ, ನೀವೂ ಮಾಡಬೇಡಿ, ಲೈಸೆನ್ಸ್ ಇರೋರನ್ನ ಕರೀರಿ. ಆದ್ರೆ ಏನು ಬೇಕು ಅಂತ ಹೇಳೋದು ನಮ್ಮ ಕೆಲಸ. ನಾನು ಹಿಡಿದ ಒಂದೇ ಹಠ: ದೀಪದ ಎಂಸಿಬಿ (ಲೋಡು ಜಾಸ್ತಿ ಆದ್ರೆ ತಾನೇ ಆಫ್ ಆಗೋ ಸ್ವಿಚ್ಚು) ಬೇರೆ, ಮಷಿನ್‌ಗಳ ಎಂಸಿಬಿ ಬೇರೆ. “ತಂಗಿ, ಹದಿನೆಂಟು ಟ್ಯೂಬು ಸೇರಿ 360 ವ್ಯಾಟು, ಒಂದೂವರೆ ಆಂಪಿಯರ್. ಅದಕ್ಕೆಂತಕ್ಕೆ ಬೇರೆ ಲೈನು?” ಅಂದ್ರು ಅಣ್ಣ. ಲೋಡು ಜಾಸ್ತಿ ಅಂತ ಅಲ್ಲ. ಗರಗಸ ಗಂಟಿಗೆ ಸಿಕ್ಕಿ ಟ್ರಿಪ್ ಆದ್ರೆ, ಕರೆಂಟು ಹೋದ ಮೇಲೂ ಬ್ಲೇಡು ಸುಮಾರು ಹೊತ್ತು ತಿರುಗ್ತಾ ಇರುತ್ತೆ. ಆ ಹೊತ್ತಲ್ಲಿ ನಾನು ಕತ್ತಲಲ್ಲಿ ನಿಂತಿರಬಾರದು. ಇದನ್ನ ಹೇಳಿದ ಮೇಲೆ ಅವರು ಮರುಮಾತಾಡಲಿಲ್ಲ. ಒಂದೊಂದು ಸಾಲಿಗೆ ಒಂದೊಂದು ಸ್ವಿಚ್ಚು, ನಡುವಿನ ಸಾಲು ಇನ್ವರ್ಟರ್‌ಗೆ, ಎಲ್ಲಕ್ಕೂ ಮೇಲೆ, ಕರೆಂಟು ಸೋರಿದ್ರೆ ತಕ್ಷಣ ಲೈನ್ ಕಡಿಯೋ 30 ಮಿಲಿ ಆಂಪಿಯರ್ ಆರ್‌ಸಿಸಿಬಿ. ವೈರೆಲ್ಲ ಪೈಪಿನ ಒಳಗೆ, ಯಾಕಂದ್ರೆ ಅಡಿಕೆ ಹೋದ್ರೂ ಇಲಿ ಹೋಗಿಲ್ಲ. ಟ್ಯೂಬುಗಳೂ ಪೂರ್ತಿ ಮುಚ್ಚಿರೋ ಐಪಿ 65 ಫಿಟ್ಟಿಂಗು. ಮರದ ಹುಡಿ ಒಳಗೆ ಹೋಗಲ್ಲ, ಮೊದಲ ಮಳೆಗೆ ಬರೋ ಮಳೆಹುಳಾನೂ ಹೋಗಲ್ಲ.

ಎಲ್ಲ ಮುಗಿದ ಮೇಲೆ ಫೋನಿನಲ್ಲಿ ಅಳೆದೆ. ಫೋನಿನ ಅಳತೆ ಅಂದಾಜು ಅಷ್ಟೇ, ಆದ್ರೂ ಮುಂಚೆ ಮೇಜಿನ ಮೇಲೆ 70 ತೋರಿಸ್ತಿದ್ದ ಜಾಗದಲ್ಲಿ ಈಗ 400ರ ಹತ್ತಿರ. ಸೂಜಿ ಬಿದ್ರೂ ಸಿಗುತ್ತೆ. ಖುಷಿಯಲ್ಲಿ ಒಂದು ತೇಗದ ಹಲಗೆಗೆ ಕೀಸುಳಿ ಹೊಡೆದು, ಉಜ್ಜಿ, ಎಣ್ಣೆ ಹಚ್ಚಿ ಜಗಲಿಗೆ ತಂದಿಟ್ಟೆ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಹಲಗೆ ಮೇಲೆ ಗೆರೆ, ಗೆರೆ, ಗೆರೆ. ಉಪ್ಪುಕಾಗದದ ಗೀರು ಒಂದೂ ಹೋಗಿಲ್ಲ! ಶೆಡ್ಡಲ್ಲಿ ಹೇಗೆ ಕಾಣಲಿಲ್ಲ? ಮೂರು ಕಡೆಯಿಂದ ಬೆಳಕು ಬಿದ್ದು ಗೀರಿನ ನೆರಳೂ ಅಳಿಸಿ ಹೋಗಿತ್ತು. ನೆರಳೇ ಬೇಡ ಅಂತ ಇಷ್ಟೆಲ್ಲ ಮಾಡಿದವಳಿಗೆ ಈಗ ನೆರಳು ಬೇಕಾಯ್ತು.

ಅದಕ್ಕೆ ಇದು. ಹೊಲಿಗೆ ಮಷಿನ್‌ಗೆ ಅಂಟಿಸೋ ಬಗ್ಗುವ ಕತ್ತಿನ ಎಲ್‌ಇಡಿ, ಬುಡದಲ್ಲಿ ಆಯಸ್ಕಾಂತ. ಮೂರು ಸಾಲೂ ಆರಿಸ್ತೀನಿ, ಇದನ್ನ ಹಲಗೆಗೆ ತಾಗೋ ಅಷ್ಟು ಕೆಳಗೆ ಓರೆಯಾಗಿ ಹಿಡಿತೀನಿ. ನೋಡಿ, ಸ್ವಲ್ಪ ಝೂಮ್ ಮಾಡ್ತೀನಿ. ಉತ್ತ ಗದ್ದೆ ಥರ ಕಾಣ್ತಿದೆಯಲ್ಲ? ಅದಷ್ಟೂ ನಾನು ನುಣುಪಾಗಿದೆ ಅಂದುಕೊಂಡಿದ್ದ ಹಲಗೆ. ಇನ್ನೊಂದು ಸುತ್ತು ಉಜ್ಜಬೇಕು. ಲೇತ್‌ಗೂ ಇಂಥದ್ದೇ ಒಂದು ಅಂಟಿಸಿದೀನಿ, ಪೆನ್ಸಿಲ್ ಪರೀಕ್ಷೆ ಪಾಸಾಗಿರೋದು.

ಲೇತ್ ಹಾಕ್ತೀನಿ ಈಗ. ಅದೇ 1440. ದವಡೆ ಯಾವುದು, ಸಂದಿ ಯಾವುದು ಒಂದೂ ಗೊತ್ತಾಗಲ್ಲ, ಬರೀ ಬೂದು ಮಸುಕು. ಓಡ್ತಿರೋದು ಓಡ್ತಿರೋ ಹಾಗೇ ಕಾಣ್ತಿದೆ.

ಹಳೇ ಎಂಟು ಟ್ಯೂಬು ಎಸೆದಿಲ್ಲ. ಎರಡು ಬಚ್ಚಲಿಗೆ, ಎರಡು ಸೌದೆ ಮನೆಗೆ, ನಾಲ್ಕು ದನದ ಕೊಟ್ಟಿಗೆಗೆ. ಅಲ್ಲಿ ಯಾರೂ ನಿಮಿಷಕ್ಕೆ 1440 ಸುತ್ತು ತಿರುಗಲ್ಲ.