ಒಲೆ ಇಲ್ಲದ ಕೋಣೆ

ಕೇಳುಗರಿಗೆ ನಮಸ್ಕಾರ.

2011ರ ಫೆಬ್ರವರಿ. ನಾನಾಗ ಶಾಲೆಯಲ್ಲಿ ಟೀಚರ್. ಬೆಳಿಗ್ಗೆ ಪಾಠ, ಸಂಜೆ ಜನಗಣತಿ. ಬೆಂಗಳೂರಿನ ವಿಜಯನಗರದ ಒಂದು ಮನೆಯ ಮೂರನೇ ಮಹಡಿಯಲ್ಲಿ ನಾಲ್ಕು ಹುಡುಗರಿದ್ದರು. ಕಲಬುರಗಿ ಕಡೆಯವರು, ಡಿಗ್ರಿ ಓದುತ್ತಿದ್ದರು. ನಾಲ್ಕು ಚಾಪೆ, ಒಂದು ಫ್ಯಾನು, ಊರಿಂದ ತಂದ ಶೇಂಗಾ ಚಟ್ನಿಪುಡಿಯ ಡಬ್ಬಿ. ಒಲೆ ಇರಲಿಲ್ಲ. ಊಟ ಒಬ್ಬೊಬ್ಬರದು ಒಂದೊಂದು ಕಡೆ.

ಒಲೆಯ ಮಾತು ಯಾಕೆ ಅಂದರೆ, ಗಣತಿ ಕುಟುಂಬವನ್ನು ಗುರುತಿಸುವುದೇ ಅಡುಗೆಮನೆಯಿಂದ. ಜೊತೆಗಿದ್ದು ಒಂದೇ ಅಡುಗೆಮನೆಯಲ್ಲಿ ಉಣ್ಣುವವರು ಒಂದು ಕುಟುಂಬ. ಹಾಸ್ಟೆಲ್‌ನವರಿಗೆಲ್ಲ ಒಂದೇ ಮೆಸ್ ಇದ್ದರೆ ಅದು ಸಾಂಸ್ಥಿಕ ಕುಟುಂಬ. ನೆಂಟಸ್ತಿಕೆ ಇಲ್ಲದ ನಾಲ್ವರು ಒಂದೇ ಕೋಣೆಯಲ್ಲಿ ಮಲಗಿ, ಬೇರೆ ಬೇರೆ ಕಡೆ ಉಂಡರೆ? ನಾಲ್ಕು ಕುಟುಂಬ. ಹಾಗೇ ಬರೆದುಕೊಂಡೆ. ಒಬ್ಬ ಹುಡುಗ ಮುಖ ಸಣ್ಣ ಮಾಡಿಕೊಂಡು, "ನಾವು ಒಂದ ಮನಿಯವ್ರು ಅಲ್ರೀ ಮೇಡಂ?" ಅಂದ. ಆ ಪ್ರಶ್ನೆ ಇನ್ನೂ ನನ್ನ ಜೊತೆಗಿದೆ.

ಬೆಂಗಳೂರು ಕಾಲೇಜುಗಳ ಊರು. 2021-22ರ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ ಬೆಂಗಳೂರು ನಗರ ಜಿಲ್ಲೆಗೆ 1,106 ಕಾಲೇಜುಗಳ ಲೆಕ್ಕವಿದೆ. ದೇಶದ ಬೇರೆ ಯಾವ ಜಿಲ್ಲೆಯಲ್ಲೂ ಅಷ್ಟಿರಲಿಲ್ಲ. ಜನರ ಲೆಕ್ಕ ನೋಡಿ. 2001ರಲ್ಲಿ ಜಿಲ್ಲೆಯಲ್ಲಿ 65 ಲಕ್ಷ ಜನ, 2011ರಲ್ಲಿ 96 ಲಕ್ಷ. ಇಷ್ಟು ಮಂದಿ ತೊಟ್ಟಿಲಿಂದ ಬಂದವರಲ್ಲ, ಬಸ್ಸು, ರೈಲು ಇಳಿದು ಬಂದವರೂ ಇದ್ದಾರೆ.

ಅದಕ್ಕೆ ಗಣತಿಯೊಳಗೇ ಒಂದು ಗುರುತಿದೆ. 2011ರಲ್ಲಿ ಇಡೀ ರಾಜ್ಯದಲ್ಲಿ ಆರು ವರ್ಷದವರೆಗಿನ ಸಾವಿರ ಗಂಡುಮಕ್ಕಳಿಗೆ 948 ಹೆಣ್ಣುಮಕ್ಕಳು. ಎಲ್ಲ ವಯಸ್ಸಿನವರನ್ನೂ ಸೇರಿಸಿದರೆ 973. ಏರಿತು, ಅಲ್ವಾ? ಬೆಂಗಳೂರು ನಗರ ಜಿಲ್ಲೆಯಲ್ಲಿ ಮಕ್ಕಳ ಲೆಕ್ಕ 944, ಎಲ್ಲರನ್ನೂ ಸೇರಿಸಿದರೆ 916. ಇಲ್ಲಿ ಇಳಿಯಿತು. ಓದಿಗೆ, ಕೆಲಸಕ್ಕೆ ಅಂತ ಗಂಡಸರು ಜಾಸ್ತಿ ಬಂದಿದ್ದಾರೆ. ಆ ಕೋಣೆಯ ನಾಲ್ವರೂ ಈ ಲೆಕ್ಕದೊಳಗೆ ಇದ್ದಾರೆ.

ಹುಡುಗಿಯರೂ ಬರುತ್ತಾರೆ, ಪಿಜಿಗಳಲ್ಲಿ ಇರುತ್ತಾರೆ. ಆದರೆ ಕಾಲೇಜಿನ ಮಕ್ಕಳು ನಿಲ್ಲುವವರಲ್ಲ. ಮೂರು ವರ್ಷ ಇದ್ದು ಹೊರಡುತ್ತಾರೆ. 2021ಕ್ಕೆ ಆಗಬೇಕಿದ್ದ ಗಣತಿ ಕೊರೊನಾದಿಂದ ನಿಂತಿತು. ಮುಂದಿನದಕ್ಕೆ ಗೊತ್ತಾದ ದಿನ 2027ರ ಮಾರ್ಚ್ 1. ನಡುವೆ ಹದಿನಾರು ವರ್ಷ. 2012ರಲ್ಲಿ ರಾಯಚೂರಿಂದ ಬಂದು, 2015ರಲ್ಲಿ ಡಿಗ್ರಿ ಮುಗಿಸಿ ಊರಿಗೆ ಮರಳಿದ ಹುಡುಗಿಯನ್ನು ನೆನೆದುಕೊಳ್ಳಿ. ಇಲ್ಲಿನ ನೀರು ಕುಡಿದಳು, ಇಲ್ಲಿನ ಬಸ್ಸಿನಲ್ಲಿ ನಿಂತು ಓಡಾಡಿದಳು, ಬಾಡಿಗೆ ಕೊಟ್ಟಳು. ಬೆಂಗಳೂರಿನ ಯಾವ ಗಣತಿಯಲ್ಲೂ ಅವಳಿಲ್ಲ. ಅಂಥವರು ಎಷ್ಟು ಬ್ಯಾಚ್ ಆಗಿಹೋದರು! ನನಗೆ ಇದು ಸಣ್ಣ ಸಂಗತಿ ಅನ್ನಿಸುವುದಿಲ್ಲ.

ಗಣತಿಯಲ್ಲಿ ಕೊನೆಗೆ ಇನ್ನೊಂದು ಸುತ್ತು ಇರುತ್ತದೆ. 2011ರಲ್ಲಿ ಅದು ಮಾರ್ಚ್ 1ರಿಂದ 5. ನಡುವೆ ಹುಟ್ಟಿದವರು, ತೀರಿಕೊಂಡವರು, ಹೊಸದಾಗಿ ಬಂದವರು ಯಾರಾದರೂ ಇದ್ದಾರಾ ಅಂತ ಕೇಳಿ ತಿದ್ದಬೇಕು. ಮತ್ತೆ ಮೂರನೇ ಮಹಡಿ ಹತ್ತಿದೆ. ಬಾಗಿಲು ತೆಗೆದಾಗ ಒಗ್ಗರಣೆ ವಾಸನೆ. ಮೂಲೆಯಲ್ಲಿ ಪುಟ್ಟ ಗ್ಯಾಸ್ ಒಲೆ, ಬಾಣಲೆಯಲ್ಲಿ ಅವಲಕ್ಕಿ. "ಈಗ ಕೂಡಿ ಅಡಿಗಿ ಮಾಡ್ಕೋತೀವ್ರೀ ಮೇಡಂ, ಈಗರ ಒಂದ ಮನಿ ಅಂತ ಬರೀರಿ" ಅಂದರು.

ಆ ಸುತ್ತಿನಲ್ಲಿ ಅದನ್ನು ತಿದ್ದಲು ನನಗೆ ಅವಕಾಶವಿರಲಿಲ್ಲ. ಪುಸ್ತಕದಲ್ಲಿ ನಾಲ್ಕು ಕುಟುಂಬ ಹಾಗೇ ಉಳಿದವು. ಅವಲಕ್ಕಿಯನ್ನು ಐದು ಜನ ಹಂಚಿಕೊಂಡು ತಿಂದೆವು.