ಪ್ರಾಣಿ ಹಿಡಿಯುವ ಕೈಗಳ ಸುರಕ್ಷತೆ

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಯಾವುದೇ ಪಶುಚಿಕಿತ್ಸಾಲಯಕ್ಕೆ ಹೋಗಿ ನೋಡಿ. ಸೂಜಿ ವೈದ್ಯರ ಕೈಯಲ್ಲಿರುತ್ತದೆ, ನಾಯಿ ಸಹಾಯಕರ ಕೈಯಲ್ಲಿರುತ್ತದೆ. ಹಲ್ಲಿಗೆ, ಉಗುರಿಗೆ, ಎಕ್ಸ್‌ರೇ ಕಿರಣಕ್ಕೆ ತೀರಾ ಹತ್ತಿರ ಇರುವವರು ಈ ಸಹಾಯಕರೇ. ಆದ್ದರಿಂದ ರಕ್ಷಣೆಯೂ ಮೊದಲು ಅವರಿಗೇ ಸಿಗಬೇಕು.

ರೇಬೀಸ್‌ನಿಂದಲೇ ಶುರುಮಾಡೋಣ. "ಎರಡು ದಿನದಿಂದ ಏನೂ ತಿಂತಿಲ್ಲ, ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿರಬೇಕು, ಸ್ವಲ್ಪ ನೋಡಿ ಡಾಕ್ಟ್ರೇ" ಎಂದು ಯಾರಾದರೂ ನಾಯಿ ತಂದರೆ ಆಗಲೇ ಎಚ್ಚರವಾಗಬೇಕು. ದವಡೆ ಜೋತುಬಿದ್ದಿದೆ, ಜೊಲ್ಲು ಸುರಿಯುತ್ತಿದೆ, ಬೊಗಳುವ ದನಿ ಬದಲಾಗಿದೆ ಎಂದರೆ ಅದು ಮಂಕು ರೂಪದ ರೇಬೀಸ್ ಇರಬಹುದು. ಇಂಥ ನಾಯಿ ಮೈಮೇಲೆ ಎರಗುವುದಿಲ್ಲ. ಅದಕ್ಕೇ ಜನ ಧೈರ್ಯವಾಗಿ ಬರಿಗೈಯನ್ನು ಬಾಯೊಳಗೆ ಹಾಕಿಬಿಡುತ್ತಾರೆ. ಬೆರಳಿನ ಮೇಲೆ ಹಸಿ ಗೀರು ಇದ್ದರೆ ಜೊಲ್ಲಿನಲ್ಲಿರುವ ವೈರಾಣುವಿಗೆ ಅಷ್ಟು ದಾರಿ ಸಾಕು. ಲಸಿಕೆ ಕಾರ್ಡ್ ಕೇಳಿ, ಕೈಗವಸು ಹಾಕಿಕೊಂಡು, ಆಮೇಲೆ ಬಾಯಿ ನೋಡುವ ಮಾತು.

ಕೆಲಸಕ್ಕೆ ಸೇರಿದವರಿಗೆ ಮುಂಜಾಗ್ರತೆಯ ಲಸಿಕೆ ಮೊದಲ ದಿನವೇ ಶುರುವಾಗಲಿ: 0, 7, ನಂತರ 21 ಅಥವಾ 28ನೇ ದಿನ. ರಕ್ತದಲ್ಲಿ ಪ್ರತಿಕಾಯ ಎಷ್ಟಿದೆ ಎಂಬ ಪರೀಕ್ಷೆ ನಮ್ಮ ನಿಮ್ಹಾನ್ಸ್‌ನಲ್ಲೇ ಆಗುತ್ತದೆ, ಮಿಲಿಲೀಟರಿಗೆ 0.5 ಯೂನಿಟ್‌ಗಿಂತ ಇಳಿದಿದ್ದರೆ ಬೂಸ್ಟರ್ ಬೇಕು. ಇಷ್ಟಾಗಿಯೂ ನಾಯಿ ಕಚ್ಚಿತೆನ್ನಿ. ಸೋಪು ಹಚ್ಚಿ, ಹರಿಯುವ ನಲ್ಲಿ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಯೇ ತೊಳೆಯಿರಿ, ಅಂದಾಜಿನ ಹದಿನೈದು ನಿಮಿಷ ಮೂರಕ್ಕೇ ಮುಗಿದುಹೋಗುತ್ತದೆ. ಆಮೇಲೆ ಪೊವಿಡೋನ್ ಅಯೋಡಿನ್ ಹಚ್ಚಿ. ಅರಿಶಿನ, ಸುಣ್ಣ, ಖಾರದಪುಡಿ ಖಂಡಿತ ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಿ. ಮೊದಲೇ ಪೂರ್ತಿ ಲಸಿಕೆ ಆಗಿದ್ದರೆ 0 ಮತ್ತು 3ನೇ ದಿನದ ಎರಡು ಡೋಸ್ ಸಾಕು, ಸೀರಂ, ಅಂದರೆ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು, ಬೇಕಿಲ್ಲ. ಲಸಿಕೆಯೇ ಆಗಿಲ್ಲದವರಿಗೆ ರಕ್ತ ಬಂದ ಗಾಯವಾದರೆ ಗಾಯದೊಳಕ್ಕೇ ಸೀರಂ ಕೊಡಬೇಕು, ಜೊತೆಗೆ ಪೂರ್ತಿ ಕೋರ್ಸ್.

ಬೆಕ್ಕಿನ ಕಡಿತ ನೋಡಲು ಬರೀ ಚುಕ್ಕೆ. ಆದರೆ ಆ ಸಪೂರ ಹಲ್ಲು ಕೀಲಿನ ತನಕ ಇಳಿದು ಸೋಂಕು ಬಿಟ್ಟಿರುತ್ತದೆ, ಮಾರನೆಯ ದಿನಕ್ಕೆ ಕೈ ಊದಿರುತ್ತದೆ. ಊತ ಬರಲೆಂದು ಕಾಯಬೇಡಿ.

ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋದಾಗಲೇ ಬೆರಳಿಗೆ ಚುಚ್ಚುವುದು ಹೆಚ್ಚು. ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳೊಳಗೆ ಹಾಕುವ ಕಂದು ರೋಗದ (ದನಗಳಿಗೆ ಗರ್ಭಪಾತ ಮಾಡಿಸುವ ಬ್ರುಸೆಲ್ಲೋಸಿಸ್) ಎಸ್-19 ಲಸಿಕೆಯಲ್ಲಿ ಜೀವಂತ ಬ್ಯಾಕ್ಟೀರಿಯಾ ಇರುತ್ತದೆ. ಅದು ಚುಚ್ಚಿದರೂ, ಕಣ್ಣಿಗೆ ಸಿಡಿದರೂ ಮನುಷ್ಯರಿಗೆ ಬಿಟ್ಟು ಬಿಟ್ಟು ಬರುವ ಜ್ವರ ತಿಂಗಳುಗಟ್ಟಲೆ ಕಾಡಬಹುದು. ಕನ್ನಡಕ, ಕೈಗವಸು ಇರಲಿ. ಸೂಜಿ ಹಾಕುವ ಬಿಳಿ ಡಬ್ಬ ಮೇಜಿನ ಪಕ್ಕದಲ್ಲೇ ಇರಲಿ, ಮುಕ್ಕಾಲು ತುಂಬಿದಾಗ ಮುಚ್ಚಿಬಿಡಿ.

ಇನ್ನು ಎಕ್ಸ್‌ರೇ. ಸೀಸದ ಏಪ್ರನ್ ತಡೆಯುವುದು ಚದುರಿದ ಕಿರಣವನ್ನು. ನೇರ ಕಿರಣದಲ್ಲಿ ಬೆರಳಿಟ್ಟರೆ ಸೀಸದ ಕೈಗವಸನ್ನೂ ನಂಬುವಂತಿಲ್ಲ. ಸಾಧ್ಯವಾದಷ್ಟೂ ಮಂಪರು ಔಷಧಿ ಕೊಟ್ಟು, ಮರಳಿನ ಚೀಲವಿಟ್ಟು, ದೂರ ಸರಿಯಿರಿ; ದೂರ ಎರಡು ಪಟ್ಟಾದರೆ ಕಿರಣ ಕಾಲು ಭಾಗಕ್ಕೆ ಇಳಿಯುತ್ತದೆ. ಗರ್ಭಿಣಿಯರು, 18 ತುಂಬದವರು ಪ್ರಾಣಿ ಹಿಡಿಯಲು ನಿಲ್ಲಲೇಬಾರದು. ಮೈಗೆ ಬಿದ್ದ ಕಿರಣವನ್ನು ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಏಪ್ರನ್ ಒಳಗೆ ಎದೆಯ ಮೇಲಿರಬೇಕು, ಮೇಜಿನ ಖಾನೆಯಲ್ಲಲ್ಲ. ಏಪ್ರನ್ ಮಡಚಿಟ್ಟರೆ ಒಳಗಿನ ಸೀಸದ ಪದರ ಬಿರುಕು ಬಿಡುತ್ತದೆ, ಹೊರಗಿನಿಂದ ಅದು ಕಾಣುವುದಿಲ್ಲ. ಹಾಗಾಗಿ ಹ್ಯಾಂಗರಿಗೆ ತೂಗುಹಾಕಿ, ವರ್ಷಕ್ಕೊಮ್ಮೆ ಏಪ್ರನ್ನಿನದೇ ಒಂದು ಎಕ್ಸ್‌ರೇ ತೆಗೆದು ನೋಡಿ.

ನಮಸ್ಕಾರ.